ವಿಯೆಟ್ನಾಂ: ತಿಳಿದೂ ತಿರುಗದ ದಾರಿ

ಇತಿಹಾಸದ ಪಠ್ಯಗಳಲ್ಲಿ ದೊಡ್ಡ ಯುದ್ಧಗಳ ವಿಚಾರ ಬಂದಾಗ ‘ಮುಖ್ಯ ತಿರುವುಗಳು’ ಎಂಬ ತಲೆಬರಹದ ಕೆಳಗೆ ಐದಾರು ಇಸವಿಗಳನ್ನು ಕೊಡುವುದು ವಾಡಿಕೆ. ವಿದ್ಯಾರ್ಥಿ ಅವನ್ನು ಬಾಯಿಪಾಠ ಮಾಡುತ್ತಾನೆ. ಅಧ್ಯಾಪಕರು ಅದಕ್ಕೆ ಅಂಕ ಕೊಡುತ್ತಾರೆ. ಅಲ್ಲಿಗೆ ಇಬ್ಬರ ಋಣವೂ ತೀರುತ್ತದೆ. ವಿಯೆಟ್ನಾಂ ಯುದ್ಧಕ್ಕೂ ಇಂಥ ಪಟ್ಟಿಯೊಂದು ಸಿದ್ಧವಾಗಿದೆ: 1954ರಲ್ಲಿ ಡಿಯೆನ್ ಬಿಯೆನ್ ಫು, 1964ರಲ್ಲಿ ಟಾಂಕಿನ್ ಕೊಲ್ಲಿ, 1968ರಲ್ಲಿ ಟೆಟ್ ದಾಳಿ, 1973ರಲ್ಲಿ ಪ್ಯಾರಿಸ್ ಒಪ್ಪಂದ, 1975ರಲ್ಲಿ ಸೈಗಾನಿನ ಪತನ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ‘ತಿರುವು’ ಎಂಬ ಮಾತಿಗೆ ಎರಡು ಅರ್ಥಗಳಿವೆಯೆಂಬುದನ್ನು ಅದು ಮರೆಸುತ್ತದೆ. ಘಟ್ಟದ ರಸ್ತೆ ತಿರುಗಿದಾಗ ದಾರಿಗನೂ ತಿರುಗುತ್ತಾನೆ. ಅಲ್ಲಿ ಅವನ ಇಚ್ಛೆಗೆ ಎಡೆಯಿಲ್ಲ. ದಾರಿ ಎರಡಾಗಿ ಕವಲೊಡೆದ ಕಡೆ ಹಾಗಲ್ಲ. ಯಾವುದನ್ನು ಹಿಡಿಯಬೇಕೆಂದು ನಿಂತು ನಿಶ್ಚಯಿಸುವ ಹೊಣೆ ಅವನದೇ. ಮೊದಲನೆಯದನ್ನು ವಿಧಿ ಎನ್ನಬಹುದು. ಎರಡನೆಯದನ್ನು ವಿಧಿಯ ತಲೆಗೆ ಕಟ್ಟಲು ಬಾರದು.

ವಿಯೆಟ್ನಾಮಿನ ಕಥೆಯಲ್ಲಿ ವಿಧಿಯ ಪಾಲು ಕಡಮೆ, ನಿಶ್ಚಯದ ಪಾಲು ಹೆಚ್ಚು ಎಂದು ನನ್ನ ಅಭಿಪ್ರಾಯ. 1946ರಲ್ಲಿ ಫ್ರೆಂಚರ ವಿರುದ್ಧ ಮೊದಲಾಗಿ, ಅಮೆರಿಕದವರ ವಿರುದ್ಧ ಮುಂದುವರಿದು, 1975ರಲ್ಲಿ ಮುಗಿದ ಆ ಸಮರದಲ್ಲಿ ಒಂದೊಂದು ಕವಲಿಗೂ ಬಂದು ನಿಂತವರಿಗೆ, ತಾವು ಹಿಡಿಯಲಿರುವ ದಾರಿ ಎಲ್ಲಿಗೆ ಹೋಗುತ್ತದೆಂಬುದು ಬಹುಮಟ್ಟಿಗೆ ತಿಳಿದಿತ್ತು. ತಿಳಿದದ್ದನ್ನು ಅವರು ಬಾಗಿಲು ಹಾಕಿಕೊಂಡು ತಮ್ಮ ತಮ್ಮಲ್ಲಿ ಆಡಿಕೊಂಡರು. ಬಾಗಿಲ ಹೊರಗೆ ಬೇರೊಂದನ್ನು ಹೇಳಿದರು. ಒಳಮಾತಿಗೂ ಹೊರಮಾತಿಗೂ ನಡುವಣ ಈ ಅಂತರವೇ ಯುದ್ಧವನ್ನು ಬೆಳೆಸಿತು. ಅಮೆರಿಕದ ಮನೆಮನೆಯಲ್ಲಿ ತಂದೆಯನ್ನೂ ಮಗನನ್ನೂ ಎದುರುಬದುರಾಗಿ ನಿಲ್ಲಿಸಿತು. ಇದು ಊಹೆಯ ಮಾತಲ್ಲ. ಆ ಮುಚ್ಚಿದ ಕೋಣೆಗಳ ಟಿಪ್ಪಣಿಗಳೂ ಧ್ವನಿಮುದ್ರಿಕೆಗಳೂ ಈಗ ಬಹುಪಾಲು ಬೆಳಕಿಗೆ ಬಂದಿವೆ. ಅವುಗಳ ಆಧಾರದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ನೋಡುವುದು ಉಚಿತ.

1945ರ ಸೆಪ್ಟೆಂಬರ್ 2ರಂದು ಹನೋಯ್ ನಗರದ ಬಾ ದಿನ್ ಚೌಕದಲ್ಲಿ ಹೋ ಚಿ ಮಿನ್ ತಮ್ಮ ದೇಶದ ಸ್ವಾತಂತ್ರ್ಯವನ್ನು ಸಾರಿದರು. ಆ ಘೋಷಣೆಯ ಮೊದಲ ಮಾತುಗಳನ್ನು ಅವರು ಆಯ್ದುಕೊಂಡದ್ದು ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯಿಂದ. ಹಿಂದಿನ ಚಳಿಗಾಲದಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಕ್ಷಾಮ ತಲೆದೋರಿ ಲಕ್ಷಗಟ್ಟಲೆ ಜನ ಸತ್ತಿದ್ದರು. ಫ್ರೆಂಚರ ಆಡಳಿತದ ಮೇಲೆ ಜಪಾನೀಯರ ಆಕ್ರಮಣವನ್ನೂ ಹೊತ್ತು ಬಸವಳಿದಿದ್ದ ದೇಶ ಅದು. ಹೋ ಅವರು ಅಮೆರಿಕದ ಅಧ್ಯಕ್ಷ ಟ್ರೂಮನ್ನರಿಗೆ ಬೆಂಬಲ ಕೋರಿ ಒಂದರ ಮೇಲೊಂದು ಕಾಗದ ಬರೆದರು. ಉತ್ತರ ಬರಲಿಲ್ಲ. ಹೋ ಕಮ್ಯೂನಿಸ್ಟರಾಗಿದ್ದುದು ನಿಜ. ಅದನ್ನು ಮರೆಮಾಚಿ ಅವರನ್ನು ಬರಿಯ ದೇಶಭಕ್ತರನ್ನಾಗಿ ಮಾಡುವುದು ಸರಿಯಲ್ಲ. ಆದರೆ ವಾಷಿಂಗ್ಟನ್ನಿನ ಕೈಯನ್ನು ಆಗ ಮುಖ್ಯವಾಗಿ ತಡೆದದ್ದು ಫ್ರಾನ್ಸಿನ ದಾಕ್ಷಿಣ್ಯ. ಯೂರೋಪಿನಲ್ಲಿ ಫ್ರಾನ್ಸಿನ ಸ್ನೇಹ ಬೇಕಾಗಿತ್ತು. ಆದಕಾರಣ ಏಷ್ಯದಲ್ಲಿ ಫ್ರಾನ್ಸಿನ ಹಳೆಯ ಜಹಗೀರಿಯ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳಬೇಕಾಯಿತು. 1950ರಿಂದ ಮುಂದೆ ಕಣ್ಣು ಮುಚ್ಚಿಕೊಂಡದ್ದಷ್ಟೇ ಅಲ್ಲ, ಥೈಲಿಯ ಬಾಯನ್ನೂ ತೆರೆಯಲಾಯಿತು. 1954ರ ಹೊತ್ತಿಗೆ ಫ್ರೆಂಚರ ಯುದ್ಧದ ವೆಚ್ಚದಲ್ಲಿ ಬಹುಪಾಲು ಅಮೆರಿಕದ ಬೊಕ್ಕಸದಿಂದ ಹೋಗುತ್ತಿತ್ತು.

ಆ ವರ್ಷ ಡಿಯೆನ್ ಬಿಯೆನ್ ಫು ಕಣಿವೆಯಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಜನರಲ್ ಗಿಯಾಪರ ಸೈನಿಕರು ತೋಪುಗಳನ್ನು ಕೈಯಿಂದಲೇ ಎಳೆದು ಸುತ್ತಣ ಬೆಟ್ಟಗಳ ಮೇಲೇರಿಸಿದರು. ಸಾವಿರಾರು ಹಳ್ಳಿಗರು ಸೈಕಲ್ಲುಗಳ ಮೇಲೆ ಅಕ್ಕಿಯ ಮೂಟೆಗಳನ್ನು ಹೇರಿಕೊಂಡು ಕಾಡಿನ ದಾರಿಯಲ್ಲಿ ನಡೆದರು. ಮಾರ್ಚ್ 13ರಂದು ತೊಡಗಿದ ಕಾಳಗ ಮೇ 7ರಂದು ಫ್ರೆಂಚರ ಶರಣಾಗತಿಯಲ್ಲಿ ಮುಗಿಯಿತು. ಯುದ್ಧಶಾಸ್ತ್ರದ ಗ್ರಂಥಗಳು ಇದನ್ನೇ ದೊಡ್ಡ ತಿರುವೆನ್ನುತ್ತವೆ. ನಮ್ಮ ಲೆಕ್ಕದಲ್ಲಿ ಇದು ಘಟ್ಟದ ತಿರುವು. ಕವಲು ಇದ್ದದ್ದು ಅದರ ಮರುದಿನವೇ ಇಂಡೋಚೀನದ ಮಾತನ್ನು ಕೈಗೆತ್ತಿಕೊಂಡ ಜಿನೀವಾ ಸಮ್ಮೇಳನದಲ್ಲಿ. ಜುಲೈ ತಿಂಗಳ ಒಪ್ಪಂದದಂತೆ ದೇಶವನ್ನು 17ನೆಯ ಅಕ್ಷಾಂಶದ ಬಳಿ ತಾತ್ಕಾಲಿಕವಾಗಿ ವಿಭಜಿಸಿ, 1956ರ ಜುಲೈ ತಿಂಗಳಲ್ಲಿ ಚುನಾವಣೆ ನಡೆಸಿ ಮತ್ತೆ ಒಂದುಗೂಡಿಸಬೇಕೆಂದು ಗೊತ್ತಾಯಿತು. ನಮ್ಮ ದೇಶಕ್ಕೂ ಈ ಕಥೆಗೂ ನಂಟು ಕೂಡಿದ್ದು ಇಲ್ಲಿಯೇ. ಸಮ್ಮೇಳನದಲ್ಲಿ ಭಾರತಕ್ಕೆ ಪೀಠವಿರಲಿಲ್ಲ, ಆದರೂ ವಿ. ಕೆ. ಕೃಷ್ಣ ಮೆನನ್ನರು ಜಿನೀವಾದಲ್ಲಿದ್ದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತ ಸಂಧಾನಕ್ಕೆ ನೆರವಾದರು. ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ನೇಮಕವಾದ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡ ಮತ್ತು ಪೋಲೆಂಡ್ ಸದಸ್ಯರಾದುವು, ಭಾರತ ಅಧ್ಯಕ್ಷನಾಯಿತು. ಎರಡು ಪಕ್ಷಗಳೂ ಒಪ್ಪಂದವನ್ನು ಮುರಿಯುತ್ತಿವೆಯೆಂದು ಆಯೋಗದ ಬಹುಮತದ ವರದಿ 1962ರಲ್ಲಿ ಬರೆಯಿತು. ಬರೆಯುವ ಅಧಿಕಾರ ಅದಕ್ಕಿತ್ತು, ತಡೆಯುವ ಬಲವಿರಲಿಲ್ಲ.

ಚುನಾವಣೆ ನಡೆಯಲಿಲ್ಲ. ದಕ್ಷಿಣದ ನಾಯಕ ಡಿಯೆಂ ಅದಕ್ಕೊಪ್ಪಲಿಲ್ಲ. ಅಮೆರಿಕ ಅವರ ಬೆನ್ನಿಗೆ ನಿಂತಿತು. ಉತ್ತರದಲ್ಲಿ ಮುಕ್ತವಾದ ಮತದಾನ ಸಾಧ್ಯವಿಲ್ಲವೆಂಬುದು ಹೊರಗೆ ಹೇಳಿದ ಕಾರಣ. ಆ ಮಾತಿನಲ್ಲಿ ಸತ್ಯವೂ ಇತ್ತು. ಭೂಸುಧಾರಣೆಯ ಹೆಸರಿನಲ್ಲಿ ಉತ್ತರದಲ್ಲಿ ಆಗ ಸಾವಿರಾರು ಮಂದಿ ಕೊಲೆಯಾದರು. 1956ರಲ್ಲಿ ಹನೋಯ್ ಸರ್ಕಾರವೇ ತಪ್ಪೊಪ್ಪಿಕೊಂಡು ಪಕ್ಷದ ಮುಖ್ಯ ಕಾರ್ಯದರ್ಶಿಯನ್ನು ಸ್ಥಾನದಿಂದ ಇಳಿಸಬೇಕಾಯಿತು. ಆದರೆ ದಕ್ಷಿಣದ ಮತದಾನವೇನೂ ಮೇಲಾಗಿರಲಿಲ್ಲ: 1955ರ ಅಕ್ಟೋಬರಿನಲ್ಲಿ ಡಿಯೆಂ ಪಡೆದ ಮತ ನೂರಕ್ಕೆ 98, ಸೈಗಾನಿನಲ್ಲಂತೂ ಮತದಾರರ ಪಟ್ಟಿಯಲ್ಲಿದ್ದ ಹೆಸರುಗಳಿಗಿಂತ ಬಿದ್ದ ಮತಗಳೇ ಹೆಚ್ಚು. ಒಳಗಿನ ಕಾರಣ ಬೇರೆಯಾಗಿತ್ತು. ಫ್ರೆಂಚರ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಚುನಾವಣೆಯಾಗಿದ್ದರೆ ನೂರಕ್ಕೆ 80ರಷ್ಟು ಜನ ಬಾವೊ ದಾಯ್ ಅವರನ್ನು ಬಿಟ್ಟು ಹೋ ಚಿ ಮಿನ್ನರಿಗೆ ಮತ ಕೊಟ್ಟಿರಬಹುದೆಂದು ತಿಳಿದವರ ಅಭಿಪ್ರಾಯವಾಗಿತ್ತೆಂಬುದನ್ನು ಅಧ್ಯಕ್ಷ ಐಸೆನ್‌ಹೋವರ್ ತಮ್ಮ ನೆನಪುಗಳ ಗ್ರಂಥದಲ್ಲಿ 1963ರಲ್ಲಿ ತಾವೇ ಬರೆದರು. ಜನತೆಯ ಇಚ್ಛೆಯನ್ನು ಕಾಪಾಡುವ ಹೆಸರಿನಲ್ಲಿ ಹೂಡಿದ ಹೋರಾಟಕ್ಕೆ ಜನತೆಯ ಇಚ್ಛೆಯ ಭಯವೇ ಬುನಾದಿಯಾಯಿತು.

ಸಾಹಿತ್ಯದ ಓದುಗರು ಇಲ್ಲಿ ಒಂದು ವಿಷಯವನ್ನು ನೆನೆಯಬಹುದು. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನರ ‘ದಿ ಕ್ವಯಟ್ ಅಮೆರಿಕನ್’ ಹೊರಬಂದದ್ದು 1955ರಲ್ಲಿ. ಅಮೆರಿಕದ ಯುದ್ಧದಳಗಳು ಆ ನೆಲದ ಮೇಲೆ ಇಳಿಯುವುದಕ್ಕೆ ಹತ್ತು ವರ್ಷ ಮುಂಚೆ. ಒಳ್ಳೆಯ ಉದ್ದೇಶವನ್ನೂ ಪುಸ್ತಕದ ಸಿದ್ಧಾಂತವನ್ನೂ ಹೊತ್ತು, ತಾನರಿಯದ ದೇಶವನ್ನು ಉದ್ಧರಿಸಲು ಬಂದ ತರುಣನೊಬ್ಬ ಎಂಥ ಅನಾಹುತ ಮಾಡಬಲ್ಲನೆಂಬುದು ಅದರ ವಸ್ತು. 1958ರಲ್ಲಿ ಅದನ್ನು ಅಮೆರಿಕದಲ್ಲಿ ಚಲಚ್ಚಿತ್ರ ಮಾಡಿದಾಗ ಕಥೆಯ ತಾತ್ಪರ್ಯವನ್ನು ತಲೆಕೆಳಗು ಮಾಡಿ ಆ ತರುಣನನ್ನು ನಿರ್ದೋಷಿಯನ್ನಾಗಿ ಮಾಡಿದರು. ಎಚ್ಚರಿಕೆಯ ಮಾತು ಹುಟ್ಟಲಿಲ್ಲವೆಂದು ದೂರುವಂತಿಲ್ಲ. ಹುಟ್ಟಿದ ಮಾತನ್ನು ತಿದ್ದಿ ಇಂಪಾಗಿಸಿಕೊಂಡರು.

1963ರ ಜೂನ್ 11ರಂದು ಸೈಗಾನಿನ ಬೀದಿಯ ನಡುವೆ ತಿಕ್ ಕ್ವಾಂಗ್ ಡುಕ್ ಎಂಬ ವೃದ್ಧ ಬೌದ್ಧ ಭಿಕ್ಷು ಪದ್ಮಾಸನ ಹಾಕಿ ಕುಳಿತು ತನ್ನ ಮೈಗೆ ತಾನೇ ಬೆಂಕಿಯಿಟ್ಟುಕೊಂಡರು. ಡಿಯೆಂ ಸರ್ಕಾರ ಬೌದ್ಧರ ಮೇಲೆ ನಡೆಸಿದ ದಬ್ಬಾಳಿಕೆಗೆ ಅದು ಪ್ರತಿಭಟನೆ. ಆ ಚಿತ್ರ ಲೋಕದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ತಾವು ಕಾಪಾಡುತ್ತಿರುವ ಸರ್ಕಾರವನ್ನು ಅದರ ಜನರೇ ಒಪ್ಪುವುದಿಲ್ಲವೆಂಬುದು ಅಧ್ಯಕ್ಷ ಕೆನೆಡಿಯವರ ಸಲಹೆಗಾರರಿಗೆ ಸ್ಪಷ್ಟವಾಯಿತು. ಆ ವರ್ಷ ಆಗಸ್ಟಿನಲ್ಲಿ ಫ್ರಾನ್ಸಿನ ದ ಗಾಲ್ ಅವರು, ಹೊರಗಿನವರ ಕೈಯಿಂದ ಬಿಡಿಸಿಕೊಂಡ ಸ್ವತಂತ್ರ ವಿಯೆಟ್ನಾಮಿನ ಮಾತನ್ನಾಡಿದರು. ಅದೊಂದು ದಾರಿ. ವಾಷಿಂಗ್ಟನ್ ಹಿಡಿದದ್ದು ಇನ್ನೊಂದನ್ನು: ಡಿಯೆಂ ವಿರುದ್ಧ ಸಂಚು ಹೂಡಿದ್ದ ದಂಡನಾಯಕರಿಗೆ ತಾನು ಅಡ್ಡಬರುವುದಿಲ್ಲವೆಂದು ತಿಳಿಸಿತು. ನವೆಂಬರ್ 2ರಂದು ಡಿಯೆಂ ಮತ್ತು ಅವರ ತಮ್ಮ ಕೊಲೆಯಾದರು. ಮೂರು ವಾರದೊಳಗೆ ಕೆನೆಡಿಯವರೂ ಗುಂಡಿಗೆ ಬಲಿಯಾದರು. ಒಂದು ಸರ್ಕಾರವನ್ನು ಕೆಡವಲು ಸಮ್ಮತಿಸಿದವರು ಅದರ ಜಾಗಕ್ಕೆ ಬಂದುದರ ಹೊಣೆಯನ್ನು ಹೊರದೆ ಇರಲಾರರು. ಸೈಗಾನಿನ ಮನೆವಾರ್ತೆ ಅಂದಿನಿಂದ ಅಮೆರಿಕದ ಕೊರಳಿಗೆ ಬಿತ್ತು. ಅತ್ತ ಹನೋಯಿಯಲ್ಲಿ ಆ ಡಿಸೆಂಬರಿನಲ್ಲೇ ಲೆ ದುವಾನರ ಪಂಗಡದ ಕೈ ಮೇಲಾಗಿ ದಕ್ಷಿಣದ ಯುದ್ಧವನ್ನು ಹಿಗ್ಗಿಸುವ ನಿರ್ಣಯವಾಯಿತು. ನಿಧಾನಿಸಬೇಕೆಂದವರ ಮಾತು ಅಡಗಿತು.

ಇನ್ನು ಟಾಂಕಿನ್ ಕೊಲ್ಲಿಯ ವಿಚಾರ. 1964ರ ಆಗಸ್ಟ್ 2ರಂದು ಉತ್ತರ ವಿಯೆಟ್ನಾಮಿನ ದೋಣಿಗಳು ಅಮೆರಿಕದ ‘ಮ್ಯಾಡಕ್ಸ್’ ಸಮರನೌಕೆಯ ಮೇಲೆ ದಾಳಿ ಮಾಡಿದ್ದು ನಿಜ. ಅದಕ್ಕೆ ಕೆಲವು ದಿನ ಮುಂಚೆ ದಕ್ಷಿಣದವರು ಅಮೆರಿಕದ ನೆರವಿನಿಂದ ಉತ್ತರದ ದ್ವೀಪಗಳ ಮೇಲೆ ಗುಟ್ಟಾಗಿ ದಾಳಿ ನಡೆಸಿದ್ದರೆಂಬುದೂ ನಿಜ. ಆದರೆ ಅದನ್ನು ಜನರಿಗೆ ಹೇಳಲಿಲ್ಲ. ಆಗಸ್ಟ್ 4ರ ರಾತ್ರಿ ಎರಡನೆಯ ದಾಳಿಯಾಯಿತೆಂಬ ಸುದ್ದಿ ಬಂತು. ಮಳೆಗಾಳಿಯ ಕತ್ತಲೆಯಲ್ಲಿ ಯಂತ್ರಗಳ ಸೂಚನೆ ನಂಬುವಂತಿಲ್ಲ, ಮುಂದಿನ ಕ್ರಮಕ್ಕೆ ಮೊದಲು ಪೂರ್ಣವಾಗಿ ಪರಿಶೀಲಿಸಬೇಕು ಎಂದು ಅಲ್ಲಿದ್ದ ನೌಕಾಧಿಕಾರಿಯೇ ಕೆಲವು ಗಂಟೆಗಳೊಳಗೆ ತಂತಿ ಕಳುಹಿಸಿದರು. ಆ ತಂತಿಯ ಹಿಂದೆಯೇ ಬಾಂಬು ವಿಮಾನಗಳು ಹೊರಟವು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! ಆಗಸ್ಟ್ 7ರಂದು ಯುದ್ಧಕ್ಕೆ ಅಧ್ಯಕ್ಷರಿಗೆ ಮುಕ್ತಾಧಿಕಾರ ಕೊಡುವ ಗೊತ್ತುವಳಿ ಕೆಳಮನೆಯಲ್ಲಿ 416ಕ್ಕೆ ಸೊನ್ನೆ, ಸೆನೆಟ್ಟಿನಲ್ಲಿ 88ಕ್ಕೆ 2 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದ ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಎರಡನೆಯ ದಾಳಿ ನಡೆಯಲೇ ಇಲ್ಲವೆಂದು ಅಮೆರಿಕದ ಗುಪ್ತವಾರ್ತೆಯ ಇಲಾಖೆಯ ಇತಿಹಾಸಕಾರರೇ ಬರೆದ ಬರಹ 2005ರಲ್ಲಿ ಹೊರಬಿತ್ತು. ಅಷ್ಟರಲ್ಲಿ ನಲವತ್ತೊಂದು ವರ್ಷ ಕಳೆದಿದ್ದವು.

ಇದಕ್ಕಿಂತಲೂ ಮನಸ್ಸನ್ನು ಕಲಕುವುದು ಆ ವರ್ಷದ ಮೇ 27ರ ಒಂದು ಧ್ವನಿಮುದ್ರಿಕೆ. ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ಸಲಹೆಗಾರ ಮೆಕ್‌ಜಾರ್ಜ್ ಬಂಡಿಯವರೊಡನೆ ದೂರವಾಣಿಯಲ್ಲಿ ಮಾತನಾಡುತ್ತ, ಈ ಯುದ್ಧ ಹೋರಾಡಲು ತಕ್ಕುದೆಂದು ತಮಗೆ ತೋರುವುದಿಲ್ಲವೆಂದೂ ಅದರಿಂದ ಹೊರಬರುವ ದಾರಿಯೂ ಕಾಣುವುದಿಲ್ಲವೆಂದೂ ಹೇಳಿಕೊಳ್ಳುತ್ತಾರೆ. ಟಾಂಕಿನ್ ಘಟನೆಗೆ ಇನ್ನೂ ಎರಡು ತಿಂಗಳಿತ್ತು. ಏಷ್ಯದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳುಹಿಸುವುದಿಲ್ಲವೆಂದು ಅದೇ ಜಾನ್ಸನ್ನರು ಆ ಶರತ್ಕಾಲದ ಚುನಾವಣಾ ಭಾಷಣದಲ್ಲಿ ಮಾತು ಕೊಟ್ಟರು. ಭಾರೀ ಬಹುಮತದಿಂದ ಗೆದ್ದರು. 1965ರ ಮಾರ್ಚ್ 8ರಂದು ಅಮೆರಿಕದ ಕಾಳಗದ ಪಡೆ ದಾ ನಾಂಗಿನ ಕಡಲತೀರದಲ್ಲಿ ಇಳಿಯಿತು.

ನನ್ನ ದೃಷ್ಟಿಯಲ್ಲಿ ಇಡೀ ಯುದ್ಧದ ಹಿರಿಯ ಕವಲು 1965ರ ಜುಲೈ ತಿಂಗಳು. ಪಟ್ಟಿಗಳಲ್ಲಿ ಅದರ ಹೆಸರು ಕಾಣುವುದು ಅಪರೂಪ, ಏಕೆಂದರೆ ಅಂದು ಯಾವ ಕಾಳಗವೂ ನಡೆಯಲಿಲ್ಲ. ಕೆಲವರು ಒಂದು ಮೇಜಿನ ಸುತ್ತ ಕುಳಿತು ಮಾತನಾಡಿದರು, ಅಷ್ಟೆ. ವಿದೇಶಾಂಗ ಖಾತೆಯ ಜಾರ್ಜ್ ಬಾಲ್, ಹುಲಿಯ ಬೆನ್ನೇರಿದ ಮೇಲೆ ಇಳಿಯುವ ಜಾಗವನ್ನು ಆರಿಸಿಕೊಳ್ಳುವ ಭರವಸೆಯಿಲ್ಲವೆಂದು ಹಿಂದಿನ ವರ್ಷವೇ ಬರೆದು ತಿಳಿಸಿದ್ದವರು. ಒಮ್ಮೆ ನಮ್ಮವರು ಹೆಚ್ಚಿನ ಸಂಖ್ಯೆಯಲ್ಲಿ ಸಾಯತೊಡಗಿದರೆ ಆಮೇಲೆ ಅವಮಾನವಿಲ್ಲದೆ ನಿಲ್ಲಿಸುವುದು ಅಸಾಧ್ಯವೆಂದು ಈಗ ಮತ್ತೊಮ್ಮೆ ವಾದಿಸಿದರು. ಅವರ ಮಾತನ್ನು ತಾಳ್ಮೆಯಿಂದ ಕೇಳಿದರು, ಪಕ್ಕಕ್ಕಿಟ್ಟರು. ರಕ್ಷಣಾ ಸಚಿವ ಮೆಕ್‌ನಮಾರರ ಸಹಾಯಕ ಜಾನ್ ಮೆಕ್‌ನಾಟನ್ ಆ ಮಾರ್ಚ್ 24ರಂದು ಬರೆದ ಟಿಪ್ಪಣಿಯೊಂದು ಇನ್ನೂ ನಿಚ್ಚಳವಾಗಿದೆ. ಅಮೆರಿಕದ ಧ್ಯೇಯಗಳನ್ನು ಅದು ತಕ್ಕಡಿಗೆ ಹಾಕಿ ತೂಗುತ್ತದೆ: ಸೋಲಿನ ಅವಮಾನವನ್ನು ತಪ್ಪಿಸಿಕೊಳ್ಳುವುದು ನೂರಕ್ಕೆ 70, ದಕ್ಷಿಣ ವಿಯೆಟ್ನಾಮನ್ನು ಚೀನದ ಕೈಗೆ ಬೀಳದಂತೆ ತಡೆಯುವುದು 20, ಅಲ್ಲಿಯ ಜನರಿಗೆ ಉತ್ತಮವಾದ, ಸ್ವತಂತ್ರವಾದ ಬಾಳನ್ನು ಒದಗಿಸುವುದು 10. ಹೊರಗೆ ವೇದಿಕೆಯ ಮೇಲೆ ನೂರಕ್ಕೆ ನೂರಾಗಿ ಕೇಳಿಬರುತ್ತಿದ್ದುದು ಈ ಕೊನೆಯ ಹತ್ತು.

ಜುಲೈ 28ರಂದು ಜಾನ್ಸನ್ನರು ಪತ್ರಿಕಾಗೋಷ್ಠಿಯೊಂದರಲ್ಲಿ ಸೈನ್ಯವನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ತಿಳಿಸಿದರು; ಇದರಿಂದ ನೀತಿಯಲ್ಲಿ ಯಾವ ಬದಲಾವಣೆಯೂ ಇಲ್ಲವೆಂದರು. ಮಹಾಭಾರತದ ಧೃತರಾಷ್ಟ್ರ ಇಲ್ಲಿ ನೆನಪಾಗುತ್ತಾನೆ. ನಿದ್ದೆಯಿಲ್ಲದ ರಾತ್ರಿಯಲ್ಲಿ ವಿದುರನನ್ನು ಕರೆಸಿಕೊಂಡು ನೀತಿಯನ್ನೆಲ್ಲ ಕೇಳಿದ ಅರಸ, ಕೇಳಿದ್ದು ಸರಿಯೆಂದು ಒಪ್ಪಿಯೂ ಬೆಳಗಾದ ಮೇಲೆ ಹಳೆಯ ದಾರಿಯನ್ನೇ ಹಿಡಿದ. ಅವನನ್ನು ಕಟ್ಟಿಹಾಕಿದ್ದು ಪುತ್ರವ್ಯಾಮೋಹ; ಜಾನ್ಸನ್ನರನ್ನು ಕಟ್ಟಿಹಾಕಿದ್ದು ಅಪಕೀರ್ತಿಯ ಭಯ. 1949ರಲ್ಲಿ ಚೀನ ಕಮ್ಯೂನಿಸ್ಟರ ವಶವಾದಾಗ ಟ್ರೂಮನ್ನರು ಕೇಳಬೇಕಾಗಿ ಬಂದ ದೂಷಣೆ ಅವರ ಕಣ್ಣ ಮುಂದಿತ್ತು. ಆ ಮನುಷ್ಯ ದುಷ್ಟನಲ್ಲ. ಕರಿಯರ ನಾಗರಿಕ ಹಕ್ಕುಗಳಿಗಾಗಿ 1964ರಲ್ಲಿಯೂ ಅವರ ಮತದಾನದ ಹಕ್ಕಿಗಾಗಿ 1965ರಲ್ಲಿಯೂ ಶಾಸನ ಮಾಡಿಸಿದವರು, ಮುದುಕರ ವೈದ್ಯಕೀಯಕ್ಕೆ ಸರ್ಕಾರದ ಆಸರೆ ಒದಗಿಸಿದವರು ಅವರೇ. ಯುದ್ಧದ ನಿಜವಾದ ವೆಚ್ಚವನ್ನು ಬಾಯಿಬಿಟ್ಟು ಹೇಳಿದರೆ ಈ ಕೆಲಸಗಳಿಗೆ ಹಣ ದೊರೆಯದೆಂದು ಅಂಜಿದರು. ಒಳ್ಳೆಯದನ್ನು ಉಳಿಸಿಕೊಳ್ಳಲು ಸತ್ಯವನ್ನು ಮುಚ್ಚಿಟ್ಟರು. ಕೊನೆಗೆ ಎರಡಕ್ಕೂ ಕುಂದು ಬಂತು.

1967ರ ಕೊನೆಗೆ ಅಲ್ಲಿದ್ದ ಅಮೆರಿಕದ ಸೈನಿಕರು ಸುಮಾರು 4,85,000. ಯುದ್ಧದ ಅಂತ್ಯ ಕಣ್ಣಿಗೆ ಕಾಣತೊಡಗಿದೆಯೆಂದು ಆ ನವೆಂಬರಿನಲ್ಲಿ ಸೇನಾಪತಿ ವೆಸ್ಟ್‌ಮೋರ್‌ಲೆಂಡ್ ವಾಷಿಂಗ್ಟನ್ನಿಗೆ ಬಂದು ಹೇಳಿದರು. ಎರಡು ತಿಂಗಳು ಕಳೆಯಿತು. 1968ರ ಜನವರಿ ಕೊನೆಯಲ್ಲಿ, ಟೆಟ್ ಎಂಬ ಅವರ ಚಾಂದ್ರಮಾನ ಹೊಸವರ್ಷದ ಹಬ್ಬದ ದಿನಗಳಲ್ಲಿ, ನೂರಕ್ಕೂ ಹೆಚ್ಚು ಊರುಗಳ ಮೇಲೆ ಒಮ್ಮೆಗೇ ದಾಳಿಯಾಯಿತು. ಸೈಗಾನಿನ ಅಮೆರಿಕನ್ ರಾಯಭಾರದ ಅಂಗಳದಲ್ಲಿಯೇ ಗುಂಡು ಹಾರಿದವು.

ಟೆಟ್ ವಿಚಾರದಲ್ಲಿ ಇಂದಿಗೂ ಮುಗಿಯದ ಒಂದು ವಾದವಿದೆ. ರಣರಂಗದಲ್ಲಿ ಟೆಟ್ ದಾಳಿ ವಿಫಲವಾಯಿತು. ಹನೋಯ್ ನಿರೀಕ್ಷಿಸಿದ್ದ ಜನದಂಗೆ ಏಳಲಿಲ್ಲ. ದಕ್ಷಿಣದ ಗೆರಿಲ್ಲಾ ಪಡೆಗಳು ನುಚ್ಚುನೂರಾದವು. ಗೆದ್ದ ಯುದ್ಧವನ್ನು ಪತ್ರಿಕೆಗಳೂ ಟೆಲಿವಿಷನ್ನೂ ಮನೆಯಲ್ಲಿ ಸೋಲಿಸಿದವು ಎಂಬುದು ಒಂದು ಪಕ್ಷ. ಇದರ ಮೊದಲ ಅರ್ಧ ಸತ್ಯ. ಎರಡನೆಯ ಅರ್ಧವನ್ನು ಒಪ್ಪುವುದು ಕಷ್ಟ. ಶತ್ರು ಸೊರಗಿದ್ದಾನೆಂದು ನವೆಂಬರಿನಲ್ಲಿ ಕೇಳಿದ್ದ ಜನ ಫೆಬ್ರವರಿಯಲ್ಲಿ ಬೀದಿಕಾಳಗದ ಚಿತ್ರಗಳನ್ನು ಕಂಡರು. ವಾಲ್ಟರ್ ಕ್ರಾಂಕೈಟ್ ಎಂಬ ವಾರ್ತಾವಾಚಕರು ಫೆಬ್ರವರಿ 27ರಂದು, ಯುದ್ಧ ಎತ್ತಲೂ ಸಾಗದೆ ನಿಂತಿದೆಯೆಂದು ಶಾಂತವಾಗಿ ಹೇಳಿದರು. ಗೆದ್ದೆವೆಂದ ಸೇನಾಧಿಕಾರಿಗಳು ಇನ್ನೂ 2,06,000 ಸೈನಿಕರನ್ನು ಕೇಳಿದ ಸಂಗತಿ ಮಾರ್ಚ್ 10ರಂದು ಪತ್ರಿಕೆಯಲ್ಲಿ ಬಂತು. ಗೆದ್ದಿದ್ದರೆ ಅಷ್ಟು ಜನ ಏಕೆ ಬೇಕೆಂಬ ಪ್ರಶ್ನೆಯನ್ನು ಕೇಳಲು ಯಾವ ಪತ್ರಿಕೆಯ ಬೋಧನೆಯೂ ಬೇಕಿರಲಿಲ್ಲ. ಮಾರ್ಚ್ 31ರಂದು ಜಾನ್ಸನ್ನರು ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ಸಾರಿದರು. ಟೆಟ್ ಹೊಸ ಸತ್ಯವನ್ನೇನೂ ಹುಟ್ಟಿಸಲಿಲ್ಲ. 1965ರಿಂದ ಒಳಗಿದ್ದುದನ್ನು ಬೀದಿಗೆ ತಂದಿತು.

ಅದೇ ಮಾರ್ಚ್ 16ರಂದು ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಗುಂಡಿಟ್ಟು ಕೊಂದರು. ಸತ್ತವರು ಅಮೆರಿಕದ ಸೈನ್ಯದ ಲೆಕ್ಕದಲ್ಲಿ 347, ಅಲ್ಲಿಯ ಸ್ಮಾರಕದ ಲೆಕ್ಕದಲ್ಲಿ 504. ಅಂದಿನ ಅಧಿಕೃತ ವರದಿ ಹೇಳಿದ್ದು: 128 ಶತ್ರುಗಳ ವಧೆ, ವಶಪಡಿಸಿಕೊಂಡ ಬಂದೂಕು ಮೂರು. ಹೆಣಗಳ ಎಣಿಕೆಯಿಂದಲೇ ಗೆಲುವನ್ನು ಅಳೆಯುವ ಪದ್ಧತಿಯಿದ್ದ ಕಡೆ, ಆ ಮೂರು ಬಂದೂಕುಗಳ ಅರ್ಥವನ್ನು ಮೇಲಿನವರಲ್ಲಿ ಯಾರೂ ಕೇಳಲಿಲ್ಲ. ಹ್ಯೂ ಥಾಂಪ್ಸನ್ ಎಂಬ ಅವರದೇ ವಿಮಾನಚಾಲಕನೊಬ್ಬ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ ಕೆಲವರ ಪ್ರಾಣ ಉಳಿಸಿದ. ದಾರಿ ಕವಲೊಡೆದಾಗ ತಿರುಗಿದವನೂ ಒಬ್ಬನಿದ್ದನೆಂಬುದನ್ನು ಇತಿಹಾಸ ಬರೆದಿಟ್ಟುಕೊಳ್ಳಬೇಕು.

ನಿಕ್ಸನ್ನರ ಕಾಲದ ವಿವರವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1968ರ ಚುನಾವಣೆಗೆ ಮುನ್ನ ಪ್ಯಾರಿಸಿನ ಸಂಧಾನಕ್ಕೆ ಹೋಗದೆ ತಡೆದು ನಿಲ್ಲುವಂತೆ ಅವರ ಕಡೆಯವರು ಸೈಗಾನಿನ ಅಧ್ಯಕ್ಷ ತಿಯೂ ಅವರಿಗೆ ಗುಟ್ಟಾಗಿ ಹೇಳಿಕಳುಹಿಸಿದರು. ಜಾನ್ಸನ್ನರಿಗೆ ಅದು ತಿಳಿಯಿತು. ಅವರೂ ಹೊರಗೆ ಹೇಳಲಿಲ್ಲ. 1969ರ ಮಾರ್ಚಿನಿಂದ ಕಾಂಬೋಡಿಯದ ಮೇಲೆ ಬಾಂಬು ಹಾಕಿ ದಾಖಲೆಗಳನ್ನು ಸುಳ್ಳಾಗಿ ಬರೆದಿಟ್ಟರು. ದಕ್ಷಿಣದ ಸರ್ಕಾರ ಒಂದೆರಡು ವರ್ಷ ನಿಂತರೆ ಸಾಕು, ಅಂಥ ಒಂದು ಸೂತ್ರ ಬೇಕು ಎಂದು ಕಿಸಿಂಜರ್ ನಿಕ್ಸನ್ನರಿಗೆ ಹೇಳಿದ್ದು 1972ರ ಆಗಸ್ಟ್ 3ರ ಧ್ವನಿಮುದ್ರಿಕೆಯಲ್ಲಿದೆ; ಜನರಿಗೆ ಹೇಳುತ್ತಿದ್ದುದು ಗೌರವಯುತವಾದ ಶಾಂತಿಯ ಮಾತು. 1973ರ ಜನವರಿ 27ರ ಒಪ್ಪಂದ ಉತ್ತರದ ಸೈನ್ಯವನ್ನು ದಕ್ಷಿಣದ ನೆಲದ ಮೇಲೆಯೇ ಬಿಟ್ಟಿತು. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ನಿಕ್ಸನ್ ಅಧಿಕಾರಕ್ಕೆ ಬಂದ ಮೇಲೆ ಸತ್ತ ಅಮೆರಿಕದ ಸೈನಿಕರ ಸಂಖ್ಯೆಯೇ 20,000ಕ್ಕೂ ಹೆಚ್ಚು.

ಆ ದೇಶ ಎರಡಾಗಿ ಒಡೆದದ್ದು ಯುವಕರ ಗಲಭೆಯಿಂದ ಎನ್ನುವವರಿದ್ದಾರೆ. ಒಡಕು ಇದ್ದದ್ದು ನಿಜ. 1970ರ ಮೇ 4ರಂದು ಕೆಂಟ್ ವಿಶ್ವವಿದ್ಯಾನಿಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಕಾವಲುಪಡೆಯ ಗುಂಡಿಗೆ ಸತ್ತರು. ನಾಲ್ಕು ದಿನದ ಮೇಲೆ ನ್ಯೂಯಾರ್ಕಿನಲ್ಲಿ ಕಟ್ಟಡದ ಕೆಲಸಗಾರರು ಯುದ್ಧವಿರೋಧಿ ವಿದ್ಯಾರ್ಥಿಗಳನ್ನು ಅಟ್ಟಿಸಿಕೊಂಡು ಹೊಡೆದರು. ಹೊಡೆದವರ ಮಕ್ಕಳು, ತಮ್ಮಂದಿರು ಯುದ್ಧಭೂಮಿಯಲ್ಲಿದ್ದರು. ಕಾಲೇಜು ಸೇರಿದವರಿಗೆ ಬಹುಕಾಲ ಕಡ್ಡಾಯ ಸೇವೆಯಿಂದ ವಿನಾಯಿತಿಯಿತ್ತು. ಇಬ್ಬರ ಸಿಟ್ಟಿಗೂ ಕಾರಣವಿತ್ತು. ಆದರೆ ಇಬ್ಬರ ಕೈಗೂ ಸರಿಯಾದ ಲೆಕ್ಕವನ್ನು ಯಾರೂ ಕೊಟ್ಟಿರಲಿಲ್ಲ. ಮೆಕ್‌ನಮಾರರೇ 1967ರಲ್ಲಿ ಬರೆಯಿಸಿದ, ಸುಮಾರು 7,000 ಪುಟಗಳ ಗುಪ್ತ ಇತಿಹಾಸವನ್ನು ಡೇನಿಯಲ್ ಎಲ್ಸ್‌ಬರ್ಗ್ ಹೊರತಂದು, 1971ರ ಜೂನ್ 13ರಿಂದ ಪತ್ರಿಕೆಗಳು ಅಚ್ಚುಹಾಕಿ, ಜೂನ್ 30ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಮನ್ನಣೆ ಕೊಟ್ಟ ಮೇಲೆ ಆ ಲೆಕ್ಕ ಕೈಗೆ ಸಿಕ್ಕಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಈ ವಾದಕ್ಕೆ ಆಕ್ಷೇಪಣೆಗಳು ಬರಬಹುದು. ಆಗ್ನೇಯ ಏಷ್ಯದ ಇತರ ದೇಶಗಳು ಚೇತರಿಸಿಕೊಳ್ಳಲು ಅಮೆರಿಕದ ಯುದ್ಧ ಸಮಯ ಒದಗಿಸಿತೆಂದು ಸಿಂಗಾಪುರದ ಲೀ ಕ್ವಾನ್ ಯೂ ವಾದಿಸುತ್ತಿದ್ದರು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಕಮ್ಯೂನಿಸ್ಟ್ ದೇಶಗಳೆಲ್ಲ ಒಂದೇ ಹಗ್ಗದ ಎಳೆಗಳೆಂಬ ನಂಬಿಕೆಯನ್ನು 1979ರಲ್ಲಿ ಚೀನವೇ ವಿಯೆಟ್ನಾಮಿನ ಮೇಲೆ ದಂಡೆತ್ತಿ ಹೋಗಿ ಸುಳ್ಳುಮಾಡಿತು. ಹನೋಯಿನ ಕೈಯಾದರೂ ಶುದ್ಧವಾಗಿತ್ತೆ ಎಂಬುದು ಇನ್ನೊಂದು ಆಕ್ಷೇಪಣೆ. ಇರಲಿಲ್ಲ. ಟೆಟ್ ಸಮಯದಲ್ಲಿ ಅದರ ಪಡೆಗಳ ವಶವಾಗಿದ್ದ ಹ್ಯೂ ನಗರದ ಸುತ್ತ ಆಮೇಲೆ ಅಗೆದ ಗುಂಡಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಣಗಳು ಸಿಕ್ಕಿದವು. ಗೆದ್ದ ಮೇಲೆ ಲಕ್ಷಾಂತರ ಜನರನ್ನು ಶಿಬಿರಗಳಿಗೆ ತಳ್ಳಿದರು. ಸುಮಾರು 8 ಲಕ್ಷ ಜನ ದೋಣಿಗಳಲ್ಲಿ ಕಡಲನ್ನು ದಾಟಿ ಪರದೇಶ ಸೇರಿದರು, ದಾಟಲಾರದೆ ಮುಳುಗಿದವರು ಬೇರೆ. ಉತ್ತರದ ಸೈನಿಕರಾಗಿದ್ದ ಬಾವೊ ನಿನ್ ಯುದ್ಧದ ದುಃಖವನ್ನೇ ವಸ್ತುವಾಗಿಸಿ ಬರೆದ ಕಾದಂಬರಿಗೆ 1991ರಲ್ಲಿ ಅಲ್ಲಿಯ ಲೇಖಕರ ಸಂಘ ಬಹುಮಾನ ಕೊಟ್ಟಿತು. ಆದರೆ ಗೆಲುವಿನ ಹೊರಮಾತಿಗೆ ಒಗ್ಗದ ಆ ಪುಸ್ತಕ ಅಧಿಕಾರಿಗಳ ಅವಕೃಪೆಗೆ ಪಾತ್ರವಾಯಿತು. ಒಳಮಾತು ಹೊರಮಾತುಗಳ ರೋಗ ಎರಡು ಕಡೆಯೂ ಇತ್ತು. ಒಂದು ಕಡೆ ಪತ್ರಿಕೆಯೂ ನ್ಯಾಯಾಲಯವೂ ಇದ್ದುದರಿಂದ ತಡವಾಗಿಯಾದರೂ ಅದು ಬಯಲಿಗೆ ಬಂತು; ಮತ್ತೊಂದು ಕಡೆ ಅದನ್ನು ಬಯಲಿಗೆ ತರುವ ಭಾರವೆಲ್ಲ ಕೆಲವು ಲೇಖಕರ ಹೆಗಲ ಮೇಲೆ ಬಿತ್ತು.

ಆದುದಾದ ಮೇಲೆ ಬುದ್ಧಿ ಹೇಳುವುದು ಸುಲಭ ಎಂಬುದು ಕೊನೆಯ ಆಕ್ಷೇಪಣೆ. ಮೆಕ್‌ನಮಾರರು 1995ರಲ್ಲಿ ತಮ್ಮ ಗ್ರಂಥದಲ್ಲಿ, ತಾವು ತಪ್ಪಿದೆವು, ಘೋರವಾಗಿ ತಪ್ಪಿದೆವು ಎಂದು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ಗೌರವಿಸೋಣ. ಆದರೆ ಇಲ್ಲಿ ತೋರಿಸಿದ ಮಾತುಗಳು 1995ರವಲ್ಲ. ಮೇ 1964ರವು, ಮಾರ್ಚ್ 1965ರವು. ಅವು ಬುದ್ಧಿ ತಡವಾಗಿ ಬಂದವರ ಮಾತುಗಳಲ್ಲ, ಬಂದ ಬುದ್ಧಿಯನ್ನು ಬಚ್ಚಿಟ್ಟವರ ಮಾತುಗಳು.

ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಕಟ್ಟಿದ ಕರಿಯ ಕಲ್ಲಿನ ಗೋಡೆಯ ಮೇಲೆ ಸತ್ತ 58,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅದನ್ನು ರೂಪಿಸಿದ ಮಾಯಾ ಲಿನ್ ಆಗ ವಿದ್ಯಾರ್ಥಿನಿ. ಹೆಸರುಗಳನ್ನು ಅಕಾರಾದಿಯಾಗಿಯೂ ಪದವಿಯ ಪ್ರಕಾರವೂ ಬರೆಯದೆ, ಬಿದ್ದ ದಿನಗಳ ಕ್ರಮದಲ್ಲಿ ಬರೆಯಬೇಕೆಂದು ಆಕೆ ಬಯಸಿದರು. ಆದ್ದರಿಂದ ಆ ಗೋಡೆ ಒಂದು ಕಾಲಗಣನೆಯೂ ಹೌದು. 1964ರ ಕೊನೆಯವರೆಗೆ ನಡೆದರೆ ಹೆಸರುಗಳು ಸುಮಾರು 400. ಟೆಟ್ ಬರುವ ಹೊತ್ತಿಗೆ ಮೂರರಲ್ಲಿ ಒಂದು ಭಾಗ ಮುಗಿದಿರುತ್ತದೆ. ಇನ್ನೆರಡು ಭಾಗ ಮುಂದಿದೆ. ವಿಯೆಟ್ನಾಮಿನವರ ಹೆಸರುಗಳು ಅಲ್ಲಿಲ್ಲ. 1995ರಲ್ಲಿ ಹನೋಯ್ ಕೊಟ್ಟ ಲೆಕ್ಕದಂತೆ ಸತ್ತ ಅವರ ಹೋರಾಟಗಾರರು 11 ಲಕ್ಷ, ಸಾಮಾನ್ಯ ಜನ ಸುಮಾರು 20 ಲಕ್ಷ. ಸೈಗಾನಿನ ಪಕ್ಷದಲ್ಲಿ ಸತ್ತ ಸೈನಿಕರು ಇದಕ್ಕೆ ಹೊರತು. ಅವರ ಹೆಸರುಗಳನ್ನು ಅದೇ ಅಳತೆಯಲ್ಲಿ ಕೊರೆದರೆ ಅಂಥ ಐವತ್ತು ಗೋಡೆಗಳೂ ಸಾಲವು.

ತರಗತಿಯಲ್ಲಿ ಈ ಯುದ್ಧವನ್ನು ಬೋಧಿಸುವ ಅಧ್ಯಾಪಕರು ಇಸವಿಗಳ ಪಟ್ಟಿಯನ್ನು ಬಿಡಬೇಕಾಗಿಲ್ಲ. ಒಂದೊಂದು ಇಸವಿಯ ಪಕ್ಕದಲ್ಲಿ ಎರಡು ಪ್ರಶ್ನೆಗಳನ್ನು ಬರೆಯಿಸಿದರೆ ಸಾಕು: ಅಂದು ಯಾರಿಗೆ ಏನು ತಿಳಿದಿತ್ತು? ಅವರು ಅದನ್ನು ಯಾರಿಗೆ ಹೇಳಿದರು? ಉತ್ತರ ಬರೆಯಲು ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋಗಬೇಕಾದೀತು. ಇಂಥ ಪ್ರಶ್ನೆಗಳನ್ನು ಕೇಳಿ ಅಭ್ಯಾಸವಾದವನು ಮುಂದೊಂದು ದಿನ ತನ್ನ ಕಾಲದ ಗದ್ದಲದಲ್ಲಿಯೂ ಅವನ್ನು ಕೇಳಿಯಾನು. ಕೇಳಬೇಕಾದದ್ದು ದಾರಿ ಕವಲೊಡೆಯುವ ಮೊದಲೇ.